ಕಸ್ಟರ್ ಸ್ಟೇಟ್ ಪಾರ್ಕ್‌ಗೆ ಆರ್‌ವಿ: ಆರು ಜನ, ಐದು ರಾತ್ರಿ, ಸುತ್ತಲಿನ ಓಡಾಟ

ಬೆಟ್ಟದಹೂ

ಜೂನ್ ಮೂರನೇ ವಾರಕ್ಕೆ ಸೌತ್ ಡಕೋಟಾದ ಕಸ್ಟರ್ ಸ್ಟೇಟ್ ಪಾರ್ಕ್‌ನ ಗೇಮ್ ಲಾಡ್ಜ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಐದು ರಾತ್ರಿಗೆ ಗಾಡಿ ನಿಲ್ಲಿಸುವ ಸೈಟ್ ಸಿಕ್ಕಿದೆ. ಡೆನ್ವರ್‌ನಿಂದ 28 ಅಡಿಯ ಕ್ಲಾಸ್ ಸಿ ಆರ್‌ವಿ (ಒಳಗೇ ಅಡುಗೆಮನೆ, ಹಾಸಿಗೆ, ಟಾಯ್ಲೆಟ್ ಇರುವ ಗಾಡಿ) ಬಾಡಿಗೆಗೆ. ನಾವಿಬ್ಬರು, 4 ಮತ್ತು 9 ವರ್ಷದ ಮಕ್ಕಳು, ಊರಿಂದ ಬಂದಿರುವ ಅತ್ತೆ, ಮಾವ. ಅತ್ತೆಗೆ ಮಂಡಿನೋವು.

ಕೇಳಬೇಕಿರುವುದು ಇಷ್ಟು. ನೀಡಲ್ಸ್ ಹೈವೇ, ಮೌಂಟ್ ರಶ್‌ಮೋರ್ (ಬೆಟ್ಟದಲ್ಲಿ ಕೆತ್ತಿದ ಅಧ್ಯಕ್ಷರ ಮುಖಗಳು), ವಿಂಡ್ ಕೇವ್ ಗುಹೆ ಎಲ್ಲವನ್ನೂ ಅದೇ ಗಾಡಿಯಲ್ಲಿ ಸುತ್ತಬಹುದಾ? ಸೈಟ್‌ನಲ್ಲಿ ಕರೆಂಟ್ ಮಾತ್ರ, ನೀರಿನ ಕನೆಕ್ಷನ್ನೂ ಡ್ರೈನೂ ಇಲ್ಲ ಅಂತಿದೆ. ಆರು ಜನಕ್ಕೆ ನಿಭಾಯಿಸೋದು ಹೇಗೆ? ಎರಡು ಹೊತ್ತು ನಮ್ಮ ಅಡುಗೆಯೇ ಆಗಬೇಕು. ಡೆನ್ವರ್‌ನಲ್ಲಿ ನಮ್ಮ ಮಿನಿವ್ಯಾನ್ ಇದೆ, ಅದನ್ನು ಮನೆಯಲ್ಲೇ ಬಿಟ್ಟು ಹೋಗೋಣ ಅಂದುಕೊಂಡಿದ್ದೇವೆ.

ಗಾಲಿಮನೆ

ಮಿನಿವ್ಯಾನ್ ಬಿಟ್ಟು ಹೋಗಬೇಡಿ. ನಿಮ್ಮ ಉಳಿದ ಪ್ರಶ್ನೆಗಳಲ್ಲಿ ಅರ್ಧ ಅಲ್ಲೇ ಬಗೆಹರಿಯುತ್ತದೆ.

ನೀಡಲ್ಸ್ ಹೈವೇಯಲ್ಲಿರುವ ನೀಡಲ್ಸ್ ಐ ಸುರಂಗದ ಅಗಲ 8 ಅಡಿ, ಎತ್ತರ 9 ಅಡಿ 9 ಅಂಗುಲ. ಕ್ಲಾಸ್ ಸಿ ಗಾಡಿಯ ಮೈ ಅಗಲವೇ ಸುಮಾರು 8 ಅಡಿ 4 ಅಂಗುಲ. ಹೊರಕ್ಕೆ ಚಾಚಿದ ಕನ್ನಡಿಗಳೂ ಸೇರಿದರೆ 10 ಅಡಿಯ ಹತ್ತಿರ. ಮೇಲಿನ ಎಸಿ ಸೇರಿ ಎತ್ತರ 11ರಿಂದ 12 ಅಡಿ. ಅಂದರೆ ಅಗಲದಲ್ಲೂ ಹಿಡಿಸಲ್ಲ, ಎತ್ತರದಲ್ಲೂ ಹಿಡಿಸಲ್ಲ. ಅದೇ ಹೈವೇಯ ಉಳಿದ ಎರಡು ಸುರಂಗಗಳೂ 9 ಅಡಿ ಅಗಲ ಮುಟ್ಟುವುದಿಲ್ಲ. ಸುರಂಗದ ಬಾಯಿಗೆ ಹೋಗಿ ನೋಡಿಕೊಂಡು ತಿರುಗಿಸಿದರಾಯಿತು ಅನ್ನುವ ಹಾಗೂ ಇಲ್ಲ. ದಾರಿಯುದ್ದಕ್ಕೂ ಹೇರ್‌ಪಿನ್ ತಿರುವು, 28 ಅಡಿ ಗಾಡಿ ಹಿಂದಕ್ಕೆ ತಿರುಗಿಸಲು ಜಾಗವಿಲ್ಲ. ಗವರ್ನರ್ ಆಗಿದ್ದ ಪೀಟರ್ ನಾರ್ಬೆಕ್ ಕಾಲ್ನಡಿಗೆಯಲ್ಲೂ ಕುದುರೆ ಮೇಲೂ ಓಡಾಡಿ ಗುರುತು ಹಾಕಿಸಿದ ದಾರಿ ಅದು; 1922ರಲ್ಲಿ ಮುಗಿಯಿತು. ಜನ ನಿಧಾನವಾಗಿ, ನೋಡಿಕೊಂಡು ಹೋಗಲಿ ಅಂತಲೇ ಹಾಗೆ ಸುತ್ತಿಸಿದ್ದಾರೆ.

ಇನ್ನೊಂದು ಕಡೆಯೂ ಎಚ್ಚರ ಬೇಕು. ಗೇಮ್ ಲಾಡ್ಜ್‌ನಿಂದ ಮೌಂಟ್ ರಶ್‌ಮೋರ್ ಅಂತ ಫೋನಿಗೆ ಹಾಕಿದರೆ ಅದು 16ಎ ಹೈವೇಯ ಉತ್ತರದ ಭಾಗ, ಅಂದರೆ ಐರನ್ ಮೌಂಟನ್ ರೋಡ್ ತೋರಿಸುತ್ತದೆ. 17 ಮೈಲಿ ದಾರಿ, ಒಂದೇ ಗಾಡಿ ಹಿಡಿಸುವ ಸುರಂಗಗಳು, ಮರದ ಕಂಬಗಳ ಮೇಲೆ ಸುರುಳಿ ಸುತ್ತಿ ಏರುವ ಪಿಗ್‌ಟೇಲ್ ಸೇತುವೆಗಳು. ಫೋನಿಗೆ ನಿಮ್ಮ ಗಾಡಿಯ ಎತ್ತರ ಗೊತ್ತಿಲ್ಲ. ಆರ್‌ವಿಯಲ್ಲೇ ಹೋಗಬೇಕಾಗಿ ಬಂದರೆ 16ಎಯಲ್ಲಿ ಪಶ್ಚಿಮಕ್ಕೆ ಕಸ್ಟರ್ ಊರಿಗೆ ಬಂದು, 16/385 ಹೈವೇಯಲ್ಲಿ ಉತ್ತರಕ್ಕೆ ಹಿಲ್ ಸಿಟಿ ಕಡೆ ಹೋಗಿ, 244ರಲ್ಲಿ ಪೂರ್ವಕ್ಕೆ ತಿರುಗಿ. ಸುತ್ತು ಜಾಸ್ತಿ, ಆದರೆ ಅಗಲ ರಸ್ತೆ.

ಮಿನಿವ್ಯಾನ್ ಅಗಲ ಆರೂವರೆ ಅಡಿ ಚಿಲ್ಲರೆ. ನೀಡಲ್ಸ್ ಐನಲ್ಲಿ ಕನ್ನಡಿ ಮಡಚಿಕೊಂಡು ಆರಾಮಾಗಿ ದಾಟುತ್ತದೆ. ಆರ್‌ವಿಯನ್ನು ಸೈಟ್‌ನಲ್ಲಿ ಮನೆ ಅಂತ ನಿಲ್ಲಿಸಿ. ಓಡಾಟಕ್ಕೆ ವ್ಯಾನ್ ಇರಲಿ.

ಧಾರವಾಡ_ಡೆನ್ವರ್

ಗಾಲಿಮನೆಯವರು ಹೇಳಿದ್ದು ಖರೆ. ವ್ಯಾನ್ ತಗೊಂಡೇ ಹೋಗ್ರಿ. ಆದ್ರ ಆರ್‌ವಿ ಹಿಂದ ಕಟ್ಟಿ ಎಳಕೊಂಡು ಹೋಗೂ ವಿಚಾರ ಮಾಡಬ್ಯಾಡ್ರಿ, ಬಾಡಿಗಿ ಕರಾರಿನ್ಯಾಗ ಸಾಮಾನ್ಯವಾಗಿ ಅದಕ್ಕ ಒಪ್ಪಂಗಿಲ್ಲ. ಒಬ್ಬರು ಆರ್‌ವಿ, ಇನ್ನೊಬ್ಬರು ವ್ಯಾನ್ ಓಡಸ್ರಿ.

ಇದಕ್ಕ ಇನ್ನೊಂದು ದೊಡ್ಡ ಕಾರಣ ಐತಿ. ನಾಕು ವರ್ಷದ ಕೂಸಿನ ಕಾರ್ ಸೀಟ್ ಎಲ್ಲಿ ಕಟ್ಟತೀರಿ? ಆರ್‌ವಿ ಊಟದ ಮೇಜಿನ ಹತ್ರ ಎರಡು ಬೆಂಚ್ ಇರತಾವ. ಒಂದು ಹಿಂದಕ್ಕ ಮುಖಾ ಮಾಡಿರ್ತದ, ಅಲ್ಲಿ ಕಟ್ಟೂಹಂಗಿಲ್ಲ. ಅಡ್ಡ ಸೋಫಾದ ಮ್ಯಾಲೆ ಅಂತೂ ಬ್ಯಾಡೇ ಬ್ಯಾಡ. ಮುಂದಕ್ಕ ಮುಖಾ ಮಾಡಿದ ಬೆಂಚಿಗೆ ಬಹಳಷ್ಟು ಗಾಡಿನ್ಯಾಗ ಸೊಂಟದ ಬೆಲ್ಟ್ ಅಷ್ಟ ಇರ್ತದ, ಕಾರ್ ಸೀಟಿನ ಮ್ಯಾಲಿನ ಪಟ್ಟಿ ಸಿಗಸೂ ಟೆದರ್ ಕೊಂಡಿ ಇರೂದಿಲ್ಲ. ಮಕ್ಕಳು, ಹಿರಿಯರು ವ್ಯಾನಿನ್ಯಾಗ ಕೂತರ ಈ ಚಿಂತಿನ ಇಲ್ಲ.

ದಾರಿ ಸುಮಾರು 350 ಮೈಲಿ. ಐ-25 ಹೈವೇದಾಗ ಶಾಯೆನ್, ಅಲ್ಲಿಂದ 85 ಹಿಡದು ಟಾರಿಂಗ್ಟನ್, ಲಸ್ಕ್, ನ್ಯೂಕ್ಯಾಸಲ್, ಆಮ್ಯಾಲೆ 16ರಾಗ ಕಸ್ಟರ್. ಲಸ್ಕಿನ್ಯಾಗ ಟ್ಯಾಂಕ್ ತುಂಬಿಸ್ರಿ. ಅಲ್ಲಿಂದ ನ್ಯೂಕ್ಯಾಸಲ್ ತನಕಾ ಬಯಲೇ ಬಯಲು. ಈ ಗಾಡಿ ಗ್ಯಾಲನ್‌ಗೆ 8ರಿಂದ 10 ಮೈಲಿ ಕೊಡ್ತಾವ, ಅಂದ್ರ ಹೋಗಾಕ 35ರಿಂದ 45 ಗ್ಯಾಲನ್. ವಯೋಮಿಂಗಿನ ಅಡ್ಡಗಾಳಿ ಭಾಳ ಜೋರು. ಗಂಟೆಗೆ 60 ಮೈಲಿ ದಾಟಬ್ಯಾಡ್ರಿ. ದೊಡ್ಡ ಟ್ರಕ್ ಪಕ್ಕಕ್ಕ ಬಂದಾಗ ಗಾಡಿ ಮೊದಲ ಹೊರಗ ತಳ್ಳಿದಂಗ, ಆಮ್ಯಾಲೆ ಒಳಗ ಎಳದಂಗ ಆಕ್ಕತಿ. ಸ್ಟೇರಿಂಗ್ ಗಟ್ಟಿ ಹಿಡೀರಿ, ಗಾಬರಿಯಾಗಿ ತಿರುಗಿಸಬ್ಯಾಡ್ರಿ. ಹಿಂದಿನ ಗಾಲಿ ಆದಮ್ಯಾಲೆ ಎಂಟ್ಹತ್ತು ಅಡಿ ಮೈ ಇರ್ತದ. ಪೆಟ್ರೋಲ್ ಬಂಕಿನ್ಯಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊಂಟರ ಆ ಬಾಲ ಎದುರು ದಿಕ್ಕಿಗೆ ಹೊಳ್ಳಿ ಕಂಬಕ್ಕ ಬಡೀತದ. ಬಾಡಿಗಿ ಗಾಡಿಗೆ ಬೀಳೂ ಪೆಟ್ಟಿನ್ಯಾಗ ಭಾಳಷ್ಟು ಇಂಥಾವ.

ನೀರುನೆರಳು

ನೀರಿನ ಲೆಕ್ಕ ನನ್ನ ಪಾಲಿಗಿರಲಿ.

ಕಸ್ಟರ್‌ನಲ್ಲಿ ಹೆಚ್ಚಿನ ಸೈಟ್‌ಗಳು ನೀವು ಹೇಳಿದ ಹಾಗೇ, ಕರೆಂಟ್ ಮಾತ್ರ. ಪಾರ್ಕಿಗೆ ಬಂದ ಕೂಡಲೇ, ಸೈಟ್‌ಗೆ ಹೋಗುವ ಮುಂಚೆ ಟ್ಯಾಂಕ್ ತುಂಬಿಸಿ. ಡೆನ್ವರ್‌ನಲ್ಲೇ ತುಂಬಿಸಿದರೆ 40 ಗ್ಯಾಲನ್‌ಗೆ 330 ಪೌಂಡ್ ಭಾರವನ್ನು 350 ಮೈಲಿ ಹೊತ್ತ ಹಾಗೆ. ದಾರಿಗೆ ಕಾಲು ಟ್ಯಾಂಕ್ ಸಾಕು. ತುಂಬಿಸಲು ಕುಡಿಯುವ ನೀರಿನ ಬಿಳಿ ಅಥವಾ ನೀಲಿ ಹೋಸ್ ಬೇಕು. ತೋಟದ ಹಸಿರು ಪೈಪಿನಲ್ಲಿ ರಬ್ಬರ್ ವಾಸನೆ ಬರುತ್ತದೆ, ಅದು ಕುಡಿಯುವ ನೀರಿಗೆ ಮಾಡಿದ್ದಲ್ಲ. ಡಂಪ್ ಸ್ಟೇಷನ್‌ನಲ್ಲಿ, ಅಂದರೆ ಕೊಳಕು ಟ್ಯಾಂಕ್ ಖಾಲಿ ಮಾಡುವ ಜಾಗದಲ್ಲಿ, ಎರಡು ನಲ್ಲಿ ಇರುತ್ತವೆ. ಕೊಳಕು ತೊಳೆಯಲು ಇಟ್ಟಿರುವ ನಲ್ಲಿಯಿಂದ ಒಂದು ಹನಿಯೂ ಟ್ಯಾಂಕಿಗೆ ಹೋಗಬಾರದು. ಬೋರ್ಡ್ ಓದಿ. ಟ್ಯಾಂಕ್ ಶುದ್ಧ ಮಾಡಿದ್ದಾರಾ ಅಂತ ಬಾಡಿಗೆ ಕೊಡುವವರನ್ನು ಕೇಳಿ. ಅನುಮಾನವಿದ್ದರೆ 15 ಗ್ಯಾಲನ್‌ಗೆ ಕಾಲು ಕಪ್ ವಾಸನೆಯಿಲ್ಲದ ಸಾದಾ ಬ್ಲೀಚ್ ಹಾಕಿ, ಎಲ್ಲ ನಲ್ಲಿಯಲ್ಲೂ ವಾಸನೆ ಬರುವ ತನಕ ಹರಿಸಿ, ರಾತ್ರಿಯಿಡೀ ಬಿಟ್ಟು, ವಾಸನೆ ಹೋಗುವ ತನಕ ತೊಳೆಯಿರಿ. ಕುಡಿಯಲು ಮಾತ್ರ ಬೇರೆ ಕ್ಯಾನ್ ಇಟ್ಟುಕೊಳ್ಳುವುದು ಒಳ್ಳೆಯದು.

ಖರ್ಚು ಎಲ್ಲಿ ಆಗುತ್ತದೆ? ಸ್ನಾನದಲ್ಲಿ. ಆರು ಜನ ಒಳಗೆ ಸ್ನಾನ ಮಾಡಿದರೆ ಒಂದೇ ದಿನಕ್ಕೆ ಸಾಬೂನು ನೀರಿನ ಗ್ರೇ ಟ್ಯಾಂಕ್ ತುಂಬುತ್ತದೆ. ಕ್ಯಾಂಪ್‌ಗ್ರೌಂಡ್‌ನ ಸ್ನಾನದ ಮನೆ ಬಳಸಿ. ಅತ್ತೆಗೆ ಅಷ್ಟು ದೂರ ನಡೆಯುವುದು ಕಷ್ಟವಾದರೆ ಅವರೊಬ್ಬರಿಗೆ ಮಾತ್ರ ಒಳಗೆ. ಅದಕ್ಕೂ ಒಂದು ಕ್ರಮ: ಮೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಆಮೇಲೆ ಸುರಿದುಕೊಂಡರೆ 2ರಿಂದ 3 ಗ್ಯಾಲನ್‌ನಲ್ಲಿ ಮುಗಿಯುತ್ತದೆ.

ನಮ್ಮವರು ಚೊಂಬು ಅಥವಾ ಜೆಟ್ ಬಳಸುತ್ತೇವೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಒಂದು ಸಲಕ್ಕೆ ಫ್ಲಶ್ ಸೇರಿ ಅರ್ಧ ಗ್ಯಾಲನ್ ಅಂದರೆ, ಆರು ಜನ ದಿನಕ್ಕೆ ಐದೈದು ಸಲ, 15 ಗ್ಯಾಲನ್. ಟಾಯ್ಲೆಟ್ ಕೊಳಕು ಸೇರುವ 30 ಗ್ಯಾಲನ್ ಬ್ಲ್ಯಾಕ್ ಟ್ಯಾಂಕ್ ಎರಡೇ ದಿನಕ್ಕೆ ತುಂಬಿತು. ಹಾಗಾಗಿ ಹಗಲು ಹೊರಗಿನ ಶೌಚಾಲಯ, ರಾತ್ರಿ ಹಿರಿಯರಿಗೂ ಮಕ್ಕಳಿಗೂ ಒಳಗಿನದು ಅಂತ ಮಾಡಿಕೊಂಡರೆ ಐದು ರಾತ್ರಿಗೆ ನಡುವೆ ಒಂದೇ ಸಲ ಡಂಪ್ ಸಾಕಾಗಬಹುದು.

ಗಾಲಿಮನೆ

ನೀರುನೆರಳು ಅವರ ಲೆಕ್ಕ ಸರಿ. ಆದರೆ ಓದಿದವರು ಬ್ಲ್ಯಾಕ್ ಟ್ಯಾಂಕಿಗೆ ನೀರು ಉಳಿಸಲು ಹೋಗಬಾರದು, ಅದಕ್ಕೇ ಬರೆಯುತ್ತಿದ್ದೇನೆ. ಚೊಂಬಿನ ನೀರು ಆ ಟ್ಯಾಂಕಿಗೆ ಒಳ್ಳೆಯದೇ. ನೀರು ಕಮ್ಮಿಯಾದರೆ ಟಾಯ್ಲೆಟ್ ಕೆಳಗೇ ಗುಡ್ಡೆ ಕಟ್ಟಿ ಒಣಗುತ್ತದೆ, ಆಮೇಲೆ ವಾಲ್ವ್ ಎಳೆದರೂ ಇಳಿಯುವುದಿಲ್ಲ. ಶುರುವಿನಲ್ಲೇ 3ರಿಂದ 4 ಗ್ಯಾಲನ್ ನೀರು, ಜೊತೆಗೆ ಟ್ಯಾಂಕ್ ಔಷಧಿ ಹಾಕಿ. ಪೇಪರ್ ಬಳಸಿದರೆ ಬೇಗ ಕರಗುವ ಆರ್‌ವಿ ಪೇಪರ್. ಒದ್ದೆ ವೈಪ್ಸ್ ಪ್ಯಾಕೆಟ್ ಮೇಲೆ ಏನೇ ಬರೆದಿರಲಿ, ಹಾಕಬೇಡಿ.

ಡಂಪ್ ಮಾಡುವಾಗ ಕೈಗವಸು ಹಾಕಿಕೊಳ್ಳಿ. ಎರಡೂ ವಾಲ್ವ್ ಮುಚ್ಚಿವೆಯಾ ನೋಡಿ ಆಮೇಲೆ ಮುಚ್ಚಳ ತೆಗೆಯಿರಿ. ಹೋಸ್‌ನ ಕೊಕ್ಕೆ ಎರಡೂ ಕಡೆ ತಿರುಗಿ ಕೂತಿದೆಯಾ ಅಂತ ಎಳೆದು ನೋಡಿ, ನೆಲದ ತೂತಿನ ಕಡೆ ತುದಿಯ ಮೇಲೆ ಕಲ್ಲು ಇಡಿ. ಮೊದಲು ಬ್ಲ್ಯಾಕ್. ಸದ್ದು ನಿಂತ ಮೇಲೆ ಟಾಯ್ಲೆಟ್ಟಿಗೆ ಒಂದೆರಡು ಬಕೆಟ್ ನೀರು ಸುರಿದು ಮತ್ತೆ ಇಳಿಸಿ, ವಾಲ್ವ್ ಮುಚ್ಚಿ. ಆಮೇಲೆ ಗ್ರೇ; ಸೋಪಿನ ನೀರು ಹೋಸ್ ತೊಳೆದುಕೊಂಡು ಹೋಗುತ್ತದೆ. ಈ ಕ್ರಮ ತಿರುಗಿಸಿದರೆ ಕೊಳಕು ಹೋಸ್ ಮಡಚಿ ಇಡಬೇಕಾಗುತ್ತದೆ. ಮೀಟರ್ ಮೂರನೇ ಎರಡು ಭಾಗ ತೋರಿಸಿದಾಗಲೇ ಹೋಗಿ. ಪೇಪರ್ ಅಂಟಿಕೊಂಡು ಅದು ಸುಳ್ಳು ತೋರಿಸುವುದುಂಟು, ಟಾಯ್ಲೆಟ್ ಒಳಗೆ ಟಾರ್ಚ್ ಬಿಟ್ಟು ನೋಡುವುದೇ ನಂಬಿಕೆಯ ದಾರಿ.

ಒಗ್ಗರಣೆ

ಅಡುಗೆ ಮತ್ತೆ ಕರೆಂಟು, ಎರಡೂ ಒಂದೇ ವಿಷಯ.

30 ಆಂಪ್ ಕನೆಕ್ಷನ್ ಅಂದರೆ 120 ವೋಲ್ಟ್‌ಗೆ 3600 ವ್ಯಾಟ್, ಇಡೀ ಮನೆಗೆ ಅಷ್ಟೇ. ಎಸಿ 1500ರ ಸುತ್ತಮುತ್ತ ಎಳೆಯುತ್ತದೆ, ಬಿಸಿನೀರಿನ ಕಾಯಿಲ್ ಸುಮಾರು 1400, ಇಂಡಕ್ಷನ್ ಒಲೆ 1800, ಇನ್‌ಸ್ಟಂಟ್ ಪಾಟ್ 1000. ಎಸಿ ಓಡುವಾಗ ಇಂಡಕ್ಷನ್ ಹಚ್ಚಿ ಬಿಸಿನೀರೂ ಹಾಕಿದರೆ ಟ್ರಿಪ್ ಆಗುತ್ತದೆ. ಬಿಸಿನೀರನ್ನು ಗ್ಯಾಸಿಗೆ ಬದಲಾಯಿಸಿ, ಎಸಿ ಇದ್ದಾಗ ಗ್ಯಾಸ್ ಒಲೆಯಲ್ಲಿ ಅಡುಗೆ ಮಾಡಿ. ಪೆಡೆಸ್ಟಲ್‌ಗೆ (ಸೈಟ್‌ನಲ್ಲಿರುವ ಕರೆಂಟ್ ಕಂಬ) ಹಾಕುವ ಮುಂಚೆ ಅದರ ಬ್ರೇಕರ್ ಆಫ್ ಮಾಡಿ, ಪ್ಲಗ್ ಪೂರ್ತಿ ಒತ್ತಿ, ಆಮೇಲೆ ಆನ್. ಸಡಿಲ ಪ್ಲಗ್ಗೇ ಕರಕಲಾಗುವುದು. ವೋಲ್ಟೇಜ್ ಏಕಾಏಕಿ ಏರಿದರೆ ಕಾಪಾಡುವ ಸರ್ಜ್ ಪ್ರೊಟೆಕ್ಟರ್ ಕೇಳಿ ತಗೊಳ್ಳಿ.

ಗೇಮ್ ಲಾಡ್ಜ್ ಸುಮಾರು 4200 ಅಡಿ ಎತ್ತರದಲ್ಲಿದೆ. ಅಲ್ಲಿ ನೀರು 96 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಕುದಿಯುತ್ತದೆ, ಡೆನ್ವರ್‌ನವರಿಗೆ ಇದು ಹೊಸದಲ್ಲ. ಬೇಳೆಗೆ ಕುಕ್ಕರ್ ಬೇಕೇ ಬೇಕು, ಮನೆಯಲ್ಲಿ ಎಷ್ಟು ಕೂಗಿಸುತ್ತೀರೋ ಅಷ್ಟೇ ಕೂಗಿಸಿ. ತೊಂದರೆ ಇರುವುದು ಹಿಟ್ಟಿಗೆ. ಜೂನ್‌ನಲ್ಲೂ ರಾತ್ರಿ 45 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುವುದುಂಟು, ದೋಸೆಹಿಟ್ಟು ಅಲ್ಲಿ ಹುದುಗುವುದಿಲ್ಲ. ಮನೆಯಲ್ಲೇ ಹುದುಗಿಸಿ, ಡಬ್ಬಿಯಲ್ಲಿ ಅರ್ಧ ಖಾಲಿ ಬಿಟ್ಟು ಫ್ರಿಜ್‌ಗೆ ಹಾಕಿ. ಎರಡು ದಿನ ದೋಸೆ, ಆಮೇಲೆ ಉಪ್ಪಿಟ್ಟು, ಅವಲಕ್ಕಿ, ಅಕ್ಕಿರೊಟ್ಟಿ. ಹುಳಿ ಮಾಡಿ ಫ್ರೀಜ್ ಮಾಡಿಟ್ಟರೆ ಮೊದಲ ದಿನ ಅದೇ ಐಸ್‌ಪ್ಯಾಕ್ ಕೆಲಸವನ್ನೂ ಮಾಡುತ್ತದೆ.

ಫ್ರಿಜ್‌ ಹಿಂದಿನ ರಾತ್ರಿಯೇ ಆನ್ ಆಗಿರಬೇಕು, ಅದನ್ನು ಬಾಡಿಗೆಯವರಿಗೆ ಹೇಳಿಡಿ. ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುವ ಹಳೇ ಮಾದರಿಯಾದರೆ ತಣ್ಣಗಾಗಲು ಎಂಟು ಹತ್ತು ಗಂಟೆ ಹಿಡಿಯುತ್ತದೆ. ಗಾಡಿ ಓರೆಯಾಗಿ ನಿಂತರೆ ಕೊಳವೆಯೊಳಗೆ ದ್ರವ ಸರಿಯಾಗಿ ಇಳಿಯದೆ ತಂಪು ಹಿಡಿಯುವುದೇ ಇಲ್ಲ, ಹಾಳೂ ಆಗುತ್ತದೆ. ಸೈಟ್‌ನಲ್ಲಿ ಕರೆಂಟಿಗೆ ಹಾಕಿ. ಬಿಸಿ ಪಾತ್ರೆ ಇಡಬೇಡಿ.

ಒಗ್ಗರಣೆಯ ಬಗ್ಗೆ ಒಂದು ಮಾತು. ಒಲೆಯ ಮೇಲಿನ ಫ್ಯಾನ್ ಹಾಕಿದರೂ ಹೊಗೆ ಒಳಗೇ ಸುತ್ತುತ್ತಿದ್ದರೆ ಹೊರಗೆ ಹೋಗಿ ನೋಡಿ: ಗಾಡಿಯ ಗೋಡೆಯಲ್ಲಿ ಆ ಫ್ಯಾನಿನ ಬಾಯಿಗೆ ಚಿಕ್ಕ ಮುಚ್ಚಳ ಇರುತ್ತದೆ, ದಾರಿಯಲ್ಲಿ ಬಡಿಯದಿರಲಿ ಅಂತ ಕ್ಲಿಪ್ ಹಾಕಿರುತ್ತಾರೆ. ಅದನ್ನು ಬಿಚ್ಚಬೇಕು. ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ. ಒಣಮೆಣಸಿನಕಾಯಿ ಹುರಿಯುವುದು, ಹಪ್ಪಳ ಕರಿಯುವುದು ಹೊರಗಿನ ಮೇಜಿನ ಮೇಲೆ ಕ್ಯಾಂಪ್ ಒಲೆಯಲ್ಲಿ ಆಗಲಿ. ಅಲಾರಂ ಕೂಗಿತು ಅಂತ ಬ್ಯಾಟರಿ ಬಿಚ್ಚಿಡಬೇಡಿ. ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಇದ್ದರೆ ಹೇಳುವುದೂ ಅದೇ ಪೆಟ್ಟಿಗೆ ಆಗಿರಬಹುದು. ಚಳಿ ಅಂತ ಒಲೆ ಉರಿಸಿಕೊಂಡು ಮಲಗುವುದು ಯಾವ ಕಾರಣಕ್ಕೂ ಬೇಡ, ಅದಕ್ಕೆ ಗಾಡಿಯದ್ದೇ ಹೀಟರ್, ಫರ್ನೇಸ್ ಇದೆ.

ಸಿಂಕ್‌ಗೆ ಜಾಲರಿ ಹಾಕಿ. ಸಾಸಿವೆ, ಕರಿಬೇವು, ಅನ್ನದ ಅಗುಳು ಕೆಳಗಿನ ಬಾಗಿದ ಪೈಪಿನಲ್ಲಿ ಕೂತು ಎರಡನೇ ದಿನಕ್ಕೇ ನಾರುತ್ತವೆ. ಎಣ್ಣೆ ಪಾತ್ರೆ ಪೇಪರ್‌ನಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಅಡಿಕೆ ಹಾಳೆ ತಟ್ಟೆ ಒಂದು ಕಟ್ಟು ಒಯ್ದರೆ ನೀರೂ ಉಳಿಯುತ್ತದೆ, ಗ್ರೇ ಟ್ಯಾಂಕೂ.

ಬೆಟ್ಟದಹೂ

ಎಲ್ಲರಿಗೂ ಧನ್ಯವಾದ, ವ್ಯಾನ್ ತಗೊಂಡು ಹೋಗುವುದು ಖಚಿತವಾಯಿತು. ಈಗ ಓಡಾಟ. ಅತ್ತೆಯನ್ನು ಗಾಡಿಯಲ್ಲೇ ಕೂರಿಸಿ ನಾವು ಮಾತ್ರ ನೋಡಿ ಬರುವ ಹಾಗೆ ಆಗಬಾರದು. ಅವರಿಗೆ ನಿಜವಾಗಿ ಸಿಗುವಂಥದ್ದು ಏನಿದೆ? ನ್ಯಾಷನಲ್ ಪಾರ್ಕ್ ವಾರ್ಷಿಕ ಪಾಸ್ ಇದೆ, ಅದು ಎಲ್ಲ ಕಡೆ ನಡೆಯುತ್ತಾ?

ಕಾಡುದಾರಿ

ಪಾಸ್ ಮೊದಲು. ಕಸ್ಟರ್ ರಾಜ್ಯದ ಪಾರ್ಕು, ಅಲ್ಲಿ ನ್ಯಾಷನಲ್ ಪಾಸ್ ನಡೆಯುವುದಿಲ್ಲ. ಪ್ರತಿ ಗಾಡಿಗೂ ಬೇರೆ ಪ್ರವೇಶ ಪರವಾನಗಿ, ಆರ್‌ವಿಗೂ ವ್ಯಾನ್‌ಗೂ. ಮೌಂಟ್ ರಶ್‌ಮೋರ್‌ಗೆ ಪ್ರವೇಶ ಶುಲ್ಕವೇ ಇಲ್ಲ, ಪಾರ್ಕಿಂಗ್‌ಗೆ ಹಣ, ಅದಕ್ಕೂ ಪಾಸ್ ಬರುವುದಿಲ್ಲ. ವಿಂಡ್ ಕೇವ್‌ನ ನೆಲದ ಮೇಲೆ ಓಡಾಡಲು ಶುಲ್ಕವಿಲ್ಲ, ಗುಹೆಯೊಳಗೆ ಹೋಗಲು ಟೂರ್ ಟಿಕೆಟ್. ನಿಮ್ಮ ಪಾಸ್ ಕೆಲಸಕ್ಕೆ ಬರುವುದು ಪೂರ್ವಕ್ಕಿರುವ ಬ್ಯಾಡ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್‌ಗೆ.

ಅತ್ತೆಗೆ ಅಂತ ಕೇಳಿದಿರಿ. ಅವರಿಗೆ ಈ ಪಾರ್ಕಿನ ಅತ್ಯುತ್ತಮ ಭಾಗವೇ ಕೂತಲ್ಲಿಗೆ ಸಿಗುತ್ತದೆ. ವೈಲ್ಡ್‌ಲೈಫ್ ಲೂಪ್ ರೋಡ್, 18 ಮೈಲಿ, ಗೇಮ್ ಲಾಡ್ಜ್‌ನ ಹತ್ತಿರವೇ ಶುರು. ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಹೊರಡಿ; ಫ್ಲಾಸ್ಕ್‌ನಲ್ಲಿ ಕಾಫಿ ಇರಲಿ. ಸಾವಿರಕ್ಕೂ ಹೆಚ್ಚು ಬೈಸನ್‌ಗಳ ಹಿಂಡು, ಜಿಂಕೆಯಂಥ ಪ್ರಾಂಗ್‌ಹಾರ್ನ್, ಅಳಿಲಿನ ಜಾತಿಯ ಪ್ರೇರಿ ಡಾಗ್, ಕಿಟಕಿಯೊಳಗೆ ಮೂತಿ ಹಾಕುವ ಕತ್ತೆಗಳು. ಬಂಡೀಪುರ, ನಾಗರಹೊಳೆಯಲ್ಲಿ ಕಾಟಿಯನ್ನು ಬೈಸನ್ ಅಂದು ನಮಗೆ ಅಭ್ಯಾಸ, ಆದರೆ ಇದು ಬೇರೆಯೇ ಪ್ರಾಣಿ. ಕಾಟಿ ಜನ ಕಂಡರೆ ಮರದ ಸಂದಿಗೆ ಸರಿಯುತ್ತದೆ. ಇದು ರಸ್ತೆ ಮಧ್ಯೆಯೇ ನಿಂತಿರುತ್ತದೆ, ಅದಕ್ಕೇ ಸಾಧು ಅನ್ನಿಸುತ್ತದೆ. ಗಂಡು 2000 ಪೌಂಡ್ ತೂಗುತ್ತದೆ, ಗಂಟೆಗೆ 35 ಮೈಲಿ ಓಡುತ್ತದೆ. ಜೂನ್‌ನಲ್ಲಿ ಕೆಂಗಂದು ಕರುಗಳಿರುತ್ತವೆ, ತಾಯಂದಿರು ಹತ್ತಿರ ಸೇರಿಸುವುದಿಲ್ಲ. ಬಾಲ ಎತ್ತಿ ನಿಲ್ಲಿಸಿತೆಂದರೆ ಅದು ರೇಗಿದೆ. 100 ಗಜ ದೂರ ಇಟ್ಟುಕೊಳ್ಳಿ, ರಸ್ತೆಯಲ್ಲೇ ಇದ್ದರೆ ವ್ಯಾನಿನಿಂದ ಇಳಿಯದೆ ಕಾಯಿರಿ, ಹಾರ್ನ್ ಮಾಡಬೇಡಿ.

ಸಿಲ್ವನ್ ಲೇಕ್‌ಗೆ ಕಸ್ಟರ್ ಊರಿನಿಂದ 89ರಲ್ಲಿ ಹೋಗಿ, ವಾಪಸ್ ನೀಡಲ್ಸ್ ಹೈವೇಯಲ್ಲಿ ಇಳಿಯಿರಿ. ಬಂಡೆಗಳ ನಡುವಿನ ಆ ಕೆರೆಯ ಸುತ್ತ ಒಂದು ಮೈಲಿ ದಾರಿ. ಅಣೆಕಟ್ಟಿನ ಹಿಂದೆ ಮೆಟ್ಟಿಲಿದೆ, ಅತ್ತೆ ಅಲ್ಲಿಗೆ ಹೋಗದೆ ದಂಡೆಯ ಸಮತಟ್ಟು ಭಾಗದಲ್ಲಿ ಕೂರಲಿ. ಒಂಬತ್ತು ಗಂಟೆಯೊಳಗೆ ತಲುಪದಿದ್ದರೆ ಪಾರ್ಕಿಂಗ್ ಸಿಗುವುದಿಲ್ಲ. ನಿಮ್ಮಲ್ಲಿ ಒಬ್ಬರು ದೊಡ್ಡ ಮಗುವಿನ ಜೊತೆ ಅಲ್ಲಿಂದಲೇ ಬ್ಲ್ಯಾಕ್ ಎಲ್ಕ್ ಪೀಕ್ ಹತ್ತಬಹುದು: ಹೋಗಿ ಬರಲು ಸುಮಾರು 7 ಮೈಲಿ, ನಾಲ್ಕೈದು ಗಂಟೆ, ಶಿಖರ 7242 ಅಡಿ. ಮಧ್ಯಾಹ್ನದ ಗುಡುಗಿಗೆ ಮುಂಚೆ ಕೆಳಗಿರಬೇಕು. ಹಾರ್ನಿ ಪೀಕ್ ಅಂತಿದ್ದ ಹೆಸರನ್ನು 2016ರಲ್ಲಿ ಅಲ್ಲಿನ ಮೂಲನಿವಾಸಿ ಲಕೋಟ ಜನರ ಗುರುವಿನ ಹೆಸರಿಗೆ ಬದಲಾಯಿಸಿದರು. ದಾರಿಯ ಮರಗಳಲ್ಲಿ ಬಣ್ಣದ ಬಟ್ಟೆ ಕಟ್ಟಿರುವುದು ಕಾಣುತ್ತದೆ. ನಮ್ಮಲ್ಲಿ ಹರಕೆಗೆ ಕಟ್ಟುವ ಹಾಗೆ ಅದು ಅವರ ಪ್ರಾರ್ಥನೆ. ಮಕ್ಕಳಿಗೆ ಮುಟ್ಟಬಾರದು ಅಂತ ಮೊದಲೇ ಹೇಳಿಡಿ.

ವಿಂಡ್ ಕೇವ್‌ಗೆ 87ರಲ್ಲಿ ದಕ್ಷಿಣಕ್ಕೆ. ಒಳಗೆ ವರ್ಷವಿಡೀ 54 ಡಿಗ್ರಿ ಫ್ಯಾರನ್‌ಹೀಟ್, ಸ್ವೆಟರ್ ಬೇಕು. ಗಾರ್ಡನ್ ಆಫ್ ಈಡನ್ ಟೂರ್‌ಗೆ ಸುಮಾರು 150 ಮೆಟ್ಟಿಲು, ನ್ಯಾಚುರಲ್ ಎಂಟ್ರನ್ಸ್‌ಗೆ 300. ಮಂಡಿನೋವಿಗೆ ಎರಡೂ ಬೇಡ. ಹೆಚ್ಚು ನಡೆಯಲಾಗದವರಿಗೆ ಅಂತಲೇ ಚಿಕ್ಕ ಟೂರ್ ಇದೆ, ಕೌಂಟರ್‌ನಲ್ಲಿ ಕೇಳಿ. ಲಿಫ್ಟ್ ಕೆಟ್ಟರೆ ಟೂರ್‌ಗಳೇ ನಿಲ್ಲುತ್ತವೆ, ಹೊರಡುವ ಮುಂಚೆ ಅವರ ಪುಟ ನೋಡಿ. ಬೇರೆ ಗುಹೆಗೆ ಹಾಕಿಕೊಂಡು ಹೋಗಿದ್ದ ಬೂಟು, ಬಟ್ಟೆ ಇಲ್ಲಿಗೆ ಬೇಡ. ಬಾವಲಿಗಳಿಗೆ ಮಾರಕವಾದ ಶಿಲೀಂಧ್ರ ಅದರಲ್ಲೇ ಹರಡುತ್ತದೆ.

ಮೌಂಟ್ ರಶ್‌ಮೋರ್‌ಗೆ ವ್ಯಾನಿನಲ್ಲಿ ಐರನ್ ಮೌಂಟನ್ ರೋಡ್‌ನಲ್ಲೇ ಹೋಗಿ, ಪಾರ್ಕಿನ ಕಡೆಯಿಂದ ಉತ್ತರಕ್ಕೆ. ಆಗ ಮಾತ್ರ ಸುರಂಗದ ಚೌಕಟ್ಟಿನಲ್ಲಿ ಆ ಮುಖಗಳು ಎದುರಿಗೆ ಕಾಣುವುದು. ಬ್ಯಾಡ್‌ಲ್ಯಾಂಡ್ಸ್ ಒಂದು ಪೂರ್ತಿ ದಿನ, ಹೋಗಲು ಒಂದೂವರೆ ಗಂಟೆಗಿಂತ ಜಾಸ್ತಿ, ಬರಲೂ ಅಷ್ಟೇ. ನೆರಳೇ ಇಲ್ಲ. ಐದು ದಿನದಲ್ಲಿ ಒಂದನ್ನು ಬಿಡಬೇಕಾದರೆ ನಾನು ಅದನ್ನೇ ಬಿಡಲು ಹೇಳುತ್ತೇನೆ, ವಯಸ್ಸಾದವರಿಗೆ ಆ ಬಿಸಿಲು ಜಾಸ್ತಿ.

ಮಿನಿಯಾಪೊಲಿಸ್ ಕಡೆಯಿಂದ ಬರುವವರಿಗೆ: ಸೌತ್ ಡಕೋಟಾದ ಮಧ್ಯದಲ್ಲೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಗುಹೆಯ ಟಿಕೆಟ್ ಸಮಯ ಮೌಂಟನ್ ಟೈಮ್‌ನದ್ದು. ಮತ್ತೆ ಪಾರ್ಕಿನ ಬಹುಪಾಲು ಜಾಗದಲ್ಲಿ ಸಿಗ್ನಲ್ ಇಲ್ಲ. ನಕ್ಷೆ, ಬುಕಿಂಗ್ ಕಾಗದ ಎಲ್ಲ ಮೊದಲೇ ಇಳಿಸಿಕೊಳ್ಳಿ.

ನೀರುನೆರಳು

ಇನ್ನು ಒಂದೆರಡು. ಜೂನ್‌ನಲ್ಲಿ ಅಲ್ಲಿ ಆಲಿಕಲ್ಲು ಸಾಮಾನ್ಯ. ಸೈಟ್ ಬಿಟ್ಟು ಹೋಗುವಾಗ, ಮಲಗುವಾಗ ಆನಿಂಗ್ (ಗಾಡಿಯ ಪಕ್ಕಕ್ಕೆ ಬಿಚ್ಚುವ ಬಟ್ಟೆಯ ಚಪ್ಪರ) ಸುತ್ತಿಡಿ. ಗಾಳಿ ಅದನ್ನು ಗಾಡಿಯ ಮೇಲಕ್ಕೇ ಮಗುಚುತ್ತದೆ. ಮೇಲಿನ ಕಿಂಡಿಗಳ ಮುಚ್ಚಳವನ್ನೂ ಇಳಿಸಿ. ಹುಲ್ಲಿನಲ್ಲಿ ಓಡಾಡಿ ಬಂದ ಮೇಲೆ ಮಕ್ಕಳ ಕಿವಿ ಹಿಂದೆ, ಕಂಕುಳು, ಸೊಂಟದಲ್ಲಿ ರಕ್ತ ಹೀರುವ ಉಣ್ಣಿ ಕಚ್ಚಿಕೊಂಡಿದೆಯಾ ನೋಡಿ. ಸೌದೆ ಕೊಲೊರಾಡೊದಿಂದ ಒಯ್ಯಬೇಡಿ, ಮರ ಕೊರೆಯುವ ಹುಳು ಅದರೊಳಗೇ ಪ್ರಯಾಣ ಮಾಡುತ್ತದೆ, ಪಾರ್ಕಿನಲ್ಲೇ ಕೊಳ್ಳಿ.

ಬೆಟ್ಟದಹೂ

ಕೊನೆಯದಾಗಿ ಒಂದು. ಸೈಟ್‌ಗೆ ಹೋದ ಕೂಡಲೇ ಯಾವುದು ಮೊದಲು, ಯಾವುದು ಆಮೇಲೆ? ಸ್ಲೈಡ್ (ಒಳಗೆ ಜಾಗ ಹೆಚ್ಚಿಸಲು ಹೊರಕ್ಕೆ ಜಾರುವ ಗೋಡೆ) ಒಂದಿದೆ.

ಗಾಲಿಮನೆ

ಮೊದಲು ಇಬ್ಬರೂ ಇಳಿದು ಮೇಲೆ ಕೊಂಬೆ, ಪಕ್ಕದಲ್ಲಿ ಪೆಡೆಸ್ಟಲ್, ಮೇಜು, ಸ್ಲೈಡ್ ಹೊರಬರುವ ಕಡೆ ಮರ ಇದೆಯಾ ನೋಡಿ. ರಿವರ್ಸ್ ತೆಗೆಯುವಾಗ ಒಬ್ಬರು ಹಿಂದೆ, ಚಾಲಕರ ಕಡೆಯ ಕನ್ನಡಿಯಲ್ಲಿ ಕಾಣುವ ಜಾಗದಲ್ಲೇ ನಿಲ್ಲಬೇಕು. ಕಾಣಿಸದಿದ್ದರೆ ಗಾಡಿ ನಿಲ್ಲಬೇಕು. ಮಕ್ಕಳು ಆಗ ವ್ಯಾನಿನಲ್ಲೇ ಇರಲಿ. ಫ್ರಿಜ್‌ನ ಪಕ್ಕ ನೆಲದ ಮೇಲೆ ಚಿಕ್ಕ ಮಟ್ಟಗೋಲು ಇಟ್ಟು, ತಗ್ಗಿರುವ ಗಾಲಿಯ ಕೆಳಗೆ ಲೆವೆಲಿಂಗ್ ಬ್ಲಾಕ್ ಜೋಡಿಸಿ ಹತ್ತಿಸಿ. ಎಡಬಲ ಮೊದಲು, ಮುಂದೆಹಿಂದೆ ಆಮೇಲೆ. ಹಿಂದಿನ ಜೋಡಿಗಾಲಿಗೆ ಎರಡರ ಕೆಳಗೂ ಬ್ಲಾಕ್ ಬೇಕು, ಒಂದಕ್ಕೆ ಮಾತ್ರ ಇಟ್ಟರೆ ಇಡೀ ಭಾರ ಆ ಒಂದೇ ಟೈರಿಗೆ ಬೀಳುತ್ತದೆ. ಪಾರ್ಕಿಂಗ್ ಬ್ರೇಕ್, ಗಾಲಿಗೆ ಅಡ್ಡಗಟ್ಟೆ. ಆಮೇಲೆ ಕರೆಂಟ್, ಫ್ರಿಜ್ ಕರೆಂಟಿಗೆ. ಸ್ಲೈಡ್ ಅದಕ್ಕೂ ಆಮೇಲೆ, ಗಾಡಿ ಮಟ್ಟವಾಗಿ ನಿಂತಾಗ ಮಾತ್ರ. ಓರೆಯಲ್ಲಿ ತೆಗೆದರೆ ಹಳಿ ಸಿಕ್ಕಿಕೊಳ್ಳುತ್ತದೆ. ಒಳಗೆ ಎಳೆಯುವಾಗ ದಾರಿಯಲ್ಲಿ ಚಪ್ಪಲಿ, ಆಟದ ಸಾಮಾನು ಬಿದ್ದಿಲ್ಲ ಅಂತ ನೋಡಿ. ಸ್ಟೆಬಿಲೈಸರ್ ಕಾಲುಗಳಿದ್ದರೆ ಕೊನೆಗೆ ಇಳಿಸಿ. ಅದು ಅಲುಗಾಟ ತಡೆಯಲು ಇರುವುದು, ಅದರಿಂದ ಗಾಡಿ ಎತ್ತಲು ಹೋದರೆ ಬಾಗುತ್ತದೆ.

ಹೊರಡುವ ದಿನ ಇದೇ ಕ್ರಮ ಹಿಂದುಮುಂದು. ಗಾಡಿ ಅಲ್ಲಾಡಿಸುವ ಮುಂಚೆ ಒಬ್ಬರು ಸುತ್ತ ಒಂದು ಪೂರ್ತಿ ಸುತ್ತು ಬರಬೇಕು: ಕರೆಂಟ್ ವಯರ್ ಬಿಚ್ಚಿದೆ, ಮೆಟ್ಟಿಲು ಒಳಗಿದೆ, ಆನಿಂಗ್ ಸುತ್ತಿದೆ, ಫ್ಯಾನಿನ ಮುಚ್ಚಳಕ್ಕೆ ಕ್ಲಿಪ್ ಹಾಕಿದೆ, ಗಾಲಿ ಮುಂದೆ ಬ್ಲಾಕ್ ಉಳಿದಿಲ್ಲ.